ಅರವತ್ತು ಸಾವಿರ ಕೋಟಿ ಮತ್ತು ಆರೂಕಾಲಿನ ಬಸ್ಸು: ಐಟಿಐ ವಿದ್ಯಾರ್ಥಿಯ ಒಂದು ದಿನ

2025ರ ಅಕ್ಟೋಬರ್ 4ರಂದು ದೆಹಲಿಯಲ್ಲಿ ಪ್ರಧಾನಮಂತ್ರಿಗಳು ‘ಪಿಎಂ-ಸೇತು’ ಯೋಜನೆಗೆ ಚಾಲನೆ ನೀಡಿದರು. ದೇಶದ 1,000 ಸರ್ಕಾರಿ ಕೈಗಾರಿಕಾ ತರಬೇತಿ ಸಂಸ್ಥೆಗಳನ್ನು, ಅಂದರೆ ಜನರ ಬಾಯಲ್ಲಿ ಐಟಿಐ ಎಂದೇ ಹೆಸರಾದ ಶಾಲೆಗಳನ್ನು, ಐದು ವರ್ಷಗಳಲ್ಲಿ ಹೊಸದಾಗಿ ಕಟ್ಟುವ ಯೋಜನೆಯಿದು. ಒಟ್ಟು ವೆಚ್ಚ 60,000 ಕೋಟಿ ರೂಪಾಯಿ. ಅದರಲ್ಲಿ ಕೇಂದ್ರದ ಪಾಲು 30,000 ಕೋಟಿ, ರಾಜ್ಯಗಳದು 20,000 ಕೋಟಿ, ಉದ್ಯಮಗಳದು 10,000 ಕೋಟಿ. ಇನ್ನೂರು ಸಂಸ್ಥೆಗಳು ಕೇಂದ್ರಗಳಾಗಿಯೂ ಎಂಟುನೂರು ಸಂಸ್ಥೆಗಳು ಅವುಗಳಿಗೆ ಜೋಡಿಸಿದ ಶಾಖೆಗಳಾಗಿಯೂ ನಡೆಯಲಿವೆ. ನಮ್ಮ ರಾಜ್ಯದಲ್ಲಿ ಇದಕ್ಕೂ ಮೊದಲೇ, 2022ರಲ್ಲಿ, ಟಾಟಾ ಟೆಕ್ನಾಲಜೀಸ್ ಸಹಯೋಗದಲ್ಲಿ ‘ಉದ್ಯೋಗ’ ಎಂಬ ಹೆಸರಿನಿಂದ 150 ಸರ್ಕಾರಿ ಐಟಿಐಗಳನ್ನು ಮೇಲ್ದರ್ಜೆಗೆ ಏರಿಸಲಾಯಿತು. ಅದರ ವೆಚ್ಚ ನಾಲ್ಕೂವರೆ ಸಾವಿರ ಕೋಟಿಯನ್ನು ಮೀರಿದ್ದು. ರೋಬೋಟು, ವಿದ್ಯುತ್ ವಾಹನ, ಕಂಪ್ಯೂಟರಿನಿಂದ ನಡೆಯುವ ಯಂತ್ರ, ಎಲ್ಲವೂ ಬಂದವು.

ಇವೆಲ್ಲ ಸಂತೋಷದ ಸುದ್ದಿಗಳೇ. ಆದರೆ ಸಮಾಜಬಾಂಧವರು ಈ ದಿನಗಳಲ್ಲಿ ನಮ್ಮಲ್ಲಿಗೆ ತರುತ್ತಿರುವ ಪ್ರಶ್ನೆ ರೋಬೋಟಿನದಲ್ಲ. ‘ಹುಡುಗ ಎಸ್ಸೆಸ್ಸೆಲ್ಸಿ ಪಾಸಾಗಿದ್ದಾನೆ, ಐಟಿಐಗೆ ಹಾಕಬಹುದೇ? ಹಾಕಿದರೆ ಅವನ ಗತಿಯೇನು?’ ಎಂಬುದು ಅವರ ಪ್ರಶ್ನೆ. ಇದಕ್ಕೆ ಯೋಜನೆಯ ಕಡತ ನೋಡಿ ಉತ್ತರ ಹೇಳಲು ನಮಗೆ ಮನಸ್ಸಾಗಲಿಲ್ಲ. ಐಟಿಐ ಓದುವ ಹುಡುಗನ ಒಂದು ದಿನ ಹೇಗೆ ಬೆಳಗಾಗಿ ಹೇಗೆ ಕತ್ತಲಾಗುತ್ತದೆ ಎಂಬುದನ್ನು ನೋಡಿದ ಮೇಲೆಯೇ ಮಾತನಾಡಬೇಕೆನಿಸಿತು.

ಶ್ರಾವಣ ಮಾಸದ ಪ್ರವಚನದ ನಿಮಿತ್ತ ನವಲಗುಂದ ತಾಲೂಕಿನ ಒಂದು ಊರಿಗೆ ಹೋಗಿದ್ದಾಗ, ಮಂಗಲದ ನಂತರ ಒಬ್ಬ ರೈತರು ಮಗನನ್ನು ಕರೆತಂದು ನಿಲ್ಲಿಸಿದರು. ಹುಬ್ಬಳ್ಳಿಯಲ್ಲಿ ಫಿಟ್ಟರ್ ಟ್ರೇಡಿಗೆ ಸೀಟು ಸಿಕ್ಕಿದೆ, ಉಳಿಯಲು ಪ್ರಸಾದ ನಿಲಯದಲ್ಲಿ ಒಂದು ಜಾಗ ಕೊಡಿಸಬೇಕು ಎಂದು ಅವರ ಕೋರಿಕೆ. ನಾವು ಬಲ್ಲ ಒಂದು ನಿಲಯದಿಂದ ಅರ್ಜಿ ತರಿಸಿದೆವು. ಅರ್ಜಿಯಲ್ಲಿ ‘ಓದುತ್ತಿರುವ ತರಗತಿ’ ಎಂಬಲ್ಲಿ ಪಿಯುಸಿ, ಪದವಿ, ಡಿಪ್ಲೊಮಾ, ಎಂಜಿನಿಯರಿಂಗ್, ವೈದ್ಯಕೀಯ ಎಂದು ಮುದ್ರಿಸಿತ್ತು. ಐಟಿಐ ಎಂಬ ಮೂರಕ್ಷರ ಎಲ್ಲಿಯೂ ಇರಲಿಲ್ಲ. ಕೇಳಿದಾಗ, ‘ಅವರಿಗೆ ಮೊದಲಿನಿಂದಲೂ ಕೊಟ್ಟಿಲ್ಲ’ ಎಂಬ ಉತ್ತರ ಬಂತು. ಯಾರೋ ಯೋಚಿಸಿ ಮಾಡಿದ ನಿಯಮವಲ್ಲ ಅದು. ಯಾರೂ ಯೋಚಿಸದೆ ಉಳಿದುಕೊಂಡದ್ದು. ಸೀಟುಗಳೂ ಅಷ್ಟರಲ್ಲಿ ತುಂಬಿದ್ದವು.

ಅಕ್ಟೋಬರ್ ಕೊನೆಯ ವಾರದಲ್ಲಿ ನಮ್ಮ ಬಳಗದ ಇಬ್ಬರು ಒಂದು ಪೂರ್ತಿ ದಿನ ಆ ಹುಡುಗನ ಜೊತೆಗಿದ್ದು ಬಂದರು. ಮುಂದೆ ಬರೆಯುವುದರಲ್ಲಿ ಹೆಚ್ಚಿನದು ಅವರು ಕಂಡದ್ದು, ಅವನು ಹೇಳಿದ್ದು.

ಬೆಳಗಿನ ಐದಕ್ಕೆ ಮನೆಯಲ್ಲಿ ದೀಪ ಹತ್ತುತ್ತದೆ. ತಾಯಿ ರೊಟ್ಟಿ ಬಡಿಯುವಷ್ಟರಲ್ಲಿ ಹುಡುಗ ಸ್ನಾನ, ಲಿಂಗಪೂಜೆ ಮುಗಿಸುತ್ತಾನೆ. ಎರಡು ಜೋಳದ ರೊಟ್ಟಿ, ಕಾಳುಪಲ್ಯ, ಶೇಂಗಾ ಚಟ್ನಿಯ ಬುತ್ತಿ. ಊರಿಗೆ ಬರುವ ಬಸ್ಸು ಆರೂಕಾಲಿನದು. ಅದರಲ್ಲಿ ನವಲಗುಂದಕ್ಕೆ ಬಂದು, ಅಲ್ಲಿ ಬಸ್ಸು ಬದಲಿಸಿ, ಹುಬ್ಬಳ್ಳಿಯಲ್ಲಿಳಿದು, ಮತ್ತೆ ನಗರ ಸಾರಿಗೆಯ ಬಸ್ಸು ಹತ್ತಬೇಕು. ಹಾಜರಿ ಒಂಬತ್ತೂವರೆಗೆ. ಎಂಟೂಕಾಲಿಗೇ ಅವನು ಸಂಸ್ಥೆಯ ಗೇಟಿನ ಮುಂದೆ ಇರುತ್ತಾನೆ. ಊರಿನಿಂದ ಮುಂದಿನ ಬಸ್ಸು ಹಿಡಿದರೆ ಹತ್ತೂವರೆಯಾಗುತ್ತದೆ, ನಡುವೆ ಬೇರೆ ಬಸ್ಸಿಲ್ಲ. ಗೇಟಿನ ಮುಂದಿನ ಆ ಒಂದೂಕಾಲು ಗಂಟೆ ಅವನ ದಿನದಲ್ಲಿ ಯಾರಿಗೂ ಸೇರದ ಹೊತ್ತು. ಓದಲು ಬೆಳಕಿದೆ, ಕೂರಲು ಜಾಗವಿಲ್ಲ. ಬುತ್ತಿಯಲ್ಲಿನ ಒಂದು ರೊಟ್ಟಿ ಆಗಲೇ ಮುಗಿಯುತ್ತದೆ.

ಬೆಣ್ಣೆಹಳ್ಳ ತುಂಬಿ ಹರಿದ ದಿನ ಈ ಲೆಕ್ಕವೂ ಇಲ್ಲ. ನವಲಗುಂದ ಸೀಮೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹಳ್ಳ ಬಂದರೆ ಬಸ್ಸು ಬರುವುದಿಲ್ಲ, ಬಸ್ಸು ಬಾರದಿದ್ದರೆ ಹಾಜರಿ ಬೀಳುವುದಿಲ್ಲ. ಐಟಿಐ ಪರೀಕ್ಷೆಗೆ ಕೂರಬೇಕಾದರೆ ಶೇ. 80ರಷ್ಟು ಹಾಜರಿ ಬೇಕು. ಪದವಿ ಕಾಲೇಜಿನ ಹುಡುಗ ನಾಲ್ಕು ದಿನ ತಪ್ಪಿಸಿಕೊಂಡರೆ ಗೆಳೆಯನ ನೋಟ್ಸ್ ಬರೆದುಕೊಳ್ಳುತ್ತಾನೆ. ಕೈಕೆಲಸಕ್ಕೆ ನೋಟ್ಸ್ ಇಲ್ಲ. ತಪ್ಪಿದ ದಿನ ತಪ್ಪಿದ್ದೇ. ಆಗಸ್ಟಿನಲ್ಲಿ ಹೆಸರು ಬಿಡಿಸುವಾಗ, ಜನವರಿಯಲ್ಲಿ ಮೆಣಸಿನಕಾಯಿ ಬಿಡಿಸುವಾಗ ಆಳು ಸಿಗದ ಮನೆಗಳು ಮಗನನ್ನೇ ಹೊಲಕ್ಕೆ ಕರೆಯುತ್ತವೆ. ಹುಡುಗರು ನಡುವೆಯೇ ಶಾಲೆ ಬಿಡುವುದಕ್ಕೆ ಓದಿನಲ್ಲಿ ಮನಸ್ಸಿಲ್ಲದಿರುವುದು ಕಾರಣ ಎಂದು ಹೊರಗಿನವರು ಹೇಳುತ್ತಾರೆ. ನಮಗೆ ಕಂಡ ಕಾರಣಗಳಲ್ಲಿ ಬಸ್ಸು ಮತ್ತು ಹೊಲ ಮೊದಲಿನವು.

ಇನ್ನು ಕಲಿಕೆಯ ವಿಚಾರ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ನಮ್ಮಲ್ಲಿ ಬಹುಜನರಿಗೆ ಐಟಿಐ ಎಂದರೆ ‘ಫೇಲಾದವರು ಹೋಗುವ ಶಾಲೆ’ ಎಂಬಷ್ಟೇ ಗೊತ್ತು. (ಇದನ್ನು ಬರೆಯುತ್ತಿರುವ ನಮ್ಮಲ್ಲಿಯೂ ಯಾರೂ ಕಬ್ಬಿಣ ಉಜ್ಜಿದವರಲ್ಲ ಎಂಬುದನ್ನು ಇಲ್ಲಿಯೇ ಒಪ್ಪಿಕೊಳ್ಳುತ್ತೇವೆ.) ಈ ತರಬೇತಿ ವ್ಯವಸ್ಥೆ ಆರಂಭವಾದದ್ದು 1950ರಲ್ಲಿ. ಇಂದು ದೇಶದಲ್ಲಿ ಹದಿನಾಲ್ಕು ಸಾವಿರಕ್ಕೂ ಹೆಚ್ಚು ಐಟಿಐಗಳಿವೆ. ಫಿಟ್ಟರ್, ಎಲೆಕ್ಟ್ರೀಷಿಯನ್, ಟರ್ನರ್, ಮೆಷಿನಿಸ್ಟ್ ಟ್ರೇಡುಗಳು ಎರಡು ವರ್ಷದವು, ವೆಲ್ಡರ್ ಮುಂತಾದವು ಒಂದು ವರ್ಷದವು. ಬೆಳಿಗ್ಗೆ ತರಗತಿಯಲ್ಲಿ ಟ್ರೇಡ್ ಥಿಯರಿ, ಲೆಕ್ಕ, ನಕ್ಷೆ. ಉಳಿದ ಹೊತ್ತೆಲ್ಲ ವರ್ಕ್‌ಶಾಪು.

ಫಿಟ್ಟರ್ ಹುಡುಗನ ಕೈಗೆ ಮೊದಲ ತಿಂಗಳುಗಳಲ್ಲಿ ಕೊಡುವುದು ಅರ. ಒಂದು ಕಬ್ಬಿಣದ ತುಂಡನ್ನು ವೈಸಿನಲ್ಲಿ ಬಿಗಿದು ಅದರ ಒಂದು ಮುಖವನ್ನು ಸಮ ಮಾಡಬೇಕು. ಅಷ್ಟೆ. ನೋಡುವವರಿಗೆ ಇದೇನು ವಿದ್ಯೆ ಎನಿಸುತ್ತದೆ. ಕಾಲುಗಳನ್ನು ಸರಿಯಾದ ಅಂತರದಲ್ಲಿಟ್ಟು ನಿಲ್ಲಬೇಕು. ಅರವನ್ನು ಮುಂದೆ ತಳ್ಳುವಾಗ ಭಾರ ಹಾಕಬೇಕು, ಹಿಂದೆ ಎಳೆಯುವಾಗ ಭಾರ ಬಿಡಬೇಕು, ಏಕೆಂದರೆ ಅದರ ಹಲ್ಲು ಕೊರೆಯುವುದು ಮುಂದೆ ಹೋಗುವಾಗ ಮಾತ್ರ. ಎಡಗೈ ಸ್ವಲ್ಪ ಹೆಚ್ಚು ಒತ್ತಿದರೆ ಮುಖ ಒಂದು ಕಡೆ ಇಳಿಯುತ್ತದೆ. ಎರಡೂ ಕೈ ತೂಗಿದರೆ ನಡುವೆ ಉಬ್ಬುತ್ತದೆ. ಒಂದು ಮುಖ ಸಮವಾದ ಮೇಲೆ ಅದಕ್ಕೆ ನೆಟ್ಟಗೆ ಎರಡನೆಯ ಮುಖ. ಗುರುಗಳು ಬಂದು ಟ್ರೈಸ್ಕ್ವೇರ್ ಇಟ್ಟು ತುಂಡನ್ನು ಕಿಟಕಿಯ ಬೆಳಕಿಗೆ ಹಿಡಿಯುತ್ತಾರೆ. ಲೋಹ ಮತ್ತು ಅಳತೆಗೋಲಿನ ನಡುವೆ ಬೆಳಕಿನ ಎಳೆ ಕಂಡರೆ ತುಂಡು ಮರಳಿ ವೈಸಿಗೆ. ಅಲ್ಲಿ ಬಳಸುವ ವರ್ನಿಯರ್ ಕ್ಯಾಲಿಪರ್ 0.02 ಮಿಲಿಮೀಟರ್‌ವರೆಗೆ ಅಳೆಯುತ್ತದೆ. ನಾವು ಬರೆಯುವ ಕಾಗದದ ಒಂದು ಹಾಳೆಯ ದಪ್ಪ ಸುಮಾರು 0.1 ಮಿಲಿಮೀಟರ್. ಹಾಳೆಯ ಐದನೆಯ ಒಂದು ಭಾಗದಷ್ಟು ಕೂದಲೆಳೆಯ ತಪ್ಪನ್ನು ಹದಿನಾರು ವರ್ಷದ ಹುಡುಗ ಕೈಯಿಂದಲೇ ತಿಳಿಯುವಂತಾಗಬೇಕು.

ಅಂಗೈಯಲ್ಲಿ ಬೊಬ್ಬೆ ಎದ್ದು, ಒಡೆದು, ಗಟ್ಟಿಯಾಗುವ ಹೊತ್ತಿಗೆ ತಿಂಗಳೆರಡು ಕಳೆದಿರುತ್ತದೆ. ಮನೆಯಲ್ಲಿ ‘ಏನು ಕಲಿತಿ?’ ಎಂದು ಕೇಳಿದರೆ ತೋರಿಸಲು ಅವನ ಬಳಿ ಇರುವುದು ಒಂದು ಚೌಕದ ತುಂಡು. ನಮ್ಮ ಹುಡುಗ ಅದನ್ನು ತಂದೆಗೆ ತೋರಿಸಿದಾಗ, ‘ಇಷ್ಟಕ್ಕ ದಿನಾ ಹುಬ್ಬಳ್ಳಿಗೆ ಹೋಗಬೇಕೇನು?’ ಎಂದರಂತೆ ಅವರು. ತಂದೆಯ ಮಾತಿನಲ್ಲಿ ತಾತ್ಸಾರವಿರಲಿಲ್ಲ, ಬಸ್ಸಿನ ಪಾಸಿನ ಚಿಂತೆಯಿತ್ತು. ಶಕ್ತಿ ಯೋಜನೆಯಲ್ಲಿ ಮಗಳ ಪ್ರಯಾಣಕ್ಕೆ ಹಣವಿಲ್ಲ, ಮಗನಿಗೆ ಪಾಸು ಮಾಡಿಸಲೇಬೇಕು.

ನಮ್ಮವರು ಹೋದ ದಿನ ಆ ವರ್ಕ್‌ಶಾಪಿನಲ್ಲಿ ಕಂಡ ಒಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲಾಗದು. ಹೊಸದಾಗಿ ಬಂದ ಯಂತ್ರಗಳ ಕೊಠಡಿ ನೆಲ ಹೊಳೆಯುವಂತೆ ಇತ್ತು. ಪಕ್ಕದ ಹಳೆಯ ಶೆಡ್ಡಿನಲ್ಲಿ ಹುಡುಗರು ಕಳೆದ ವರ್ಷದವರು ಉಜ್ಜಿ ತೆಳುವಾಗಿಸಿದ ತುಂಡುಗಳನ್ನೇ ಮತ್ತೆ ಉಜ್ಜುತ್ತಿದ್ದರು. ಈ ವರ್ಷದ ಕಚ್ಚಾ ಸಾಮಗ್ರಿ ಇನ್ನೂ ಬಂದಿರಲಿಲ್ಲ. ಇಪ್ಪತ್ತು ಹುಡುಗರ ಒಂದು ತಂಡಕ್ಕೆ ಒಬ್ಬ ಕಿರಿಯ ತರಬೇತಿ ಅಧಿಕಾರಿ ಇರಬೇಕಾದಲ್ಲಿ ಎರಡು ತಂಡಕ್ಕೆ ಒಬ್ಬರೇ ಓಡಾಡುತ್ತಿದ್ದರು. ಬೆಳಕಿಗೆ ಹಿಡಿದು ನೋಡುವ ಆ ಕಣ್ಣು ನಲವತ್ತು ತುಂಡುಗಳಿಗೆ ಹಂಚಿಹೋದರೆ ಯಾವ ಹುಡುಗನ ತಪ್ಪೂ ಸಮಯಕ್ಕೆ ಸರಿಯಾಗಿ ತಿದ್ದುವುದಿಲ್ಲ. ಆ ಗುರುಗಳ ಶ್ರದ್ಧೆಯಲ್ಲಿ ಕೊರತೆ ನಮಗೆ ಕಾಣಲಿಲ್ಲ. ಅವರ ಊಟವೂ ಅಂದು ಮೂರು ಗಂಟೆಗೆ ಆಯಿತು.

ಹುಡುಗರ ಊಟದ ಮಾತು ಬೇರೆ. ಹತ್ತನೆಯ ತರಗತಿಯವರೆಗೆ ಶಾಲೆಯಲ್ಲಿ ಬಿಸಿಯೂಟ ಉಂಡ ಮಕ್ಕಳಿವರು. ಐಟಿಐಗೆ ಕಾಲಿಟ್ಟ ದಿನದಿಂದ ಅದು ಇಲ್ಲ. ದೇಹಶ್ರಮ ಹೆಚ್ಚುವುದು ಮಾತ್ರ ಅಂದಿನಿಂದಲೇ. ಬುತ್ತಿಯ ಒಂದು ರೊಟ್ಟಿ ಗೇಟಿನ ಮುಂದೆ ಮುಗಿದಿರುತ್ತದೆ, ಇನ್ನೊಂದು ಮಧ್ಯಾಹ್ನಕ್ಕೆ. ನಾಲ್ಕೂವರೆಗೆ ಬಿಟ್ಟ ಮೇಲೆ ಊರು ಮುಟ್ಟುವುದು ಏಳೂವರೆಗೆ. ನವಲಗುಂದದಲ್ಲಿ ಕೊನೆಯ ಬಸ್ಸು ತಪ್ಪಿದರೆ ಟಂಟಂ, ಅದೂ ಇಲ್ಲದಿದ್ದರೆ ನಡಿಗೆ. ಮಧ್ಯಾಹ್ನದ ಮೇಲೆ ಕೆಲಸ ಹೇಗೆ ಸಾಗುತ್ತದೆ ಎಂದು ಕೇಳಿದಾಗ ಹುಡುಗ ಹೇಳಿದ ಮಾತು ಇದು: ‘ಹಸಿವಾದಾಗ ಕೈ ನಡಗತಾವ್ರಿ, ಮೂಲಿ ಕೂಡೂದಿಲ್ಲ.’ ಮೂಲೆ ಕೂಡುವುದಿಲ್ಲ ಎಂದರೆ ತೊಂಬತ್ತು ಡಿಗ್ರಿ ಬರುವುದಿಲ್ಲ. ಹಸಿವಿನ ಮೇಲೆ ನಾವು ಬಹಳ ಪ್ರವಚನ ಮಾಡಿದ್ದೇವೆ, ಕೇಳಿದ್ದೇವೆ. ಹಸಿವನ್ನು ಮಿಲಿಮೀಟರಿನಲ್ಲಿ ಅಳೆದ ಮಾತನ್ನು ಕೇಳಿದ್ದು ಅದೇ ಮೊದಲು.

ಇಲ್ಲಿ ಒಂದು ಉಪಕಥೆ. ಹುಡುಗನ ತಂದೆ ಸಂಕೋಚದಿಂದ ಒಂದು ಪ್ರಶ್ನೆ ಕೇಳಿದರು. ಡ್ರಿಲ್ಲಿಂಗ್ ಯಂತ್ರ, ಲೇತ್‌ಗಳ ಬಳಿ ಕೊರಳಲ್ಲಿ, ಬೆರಳಲ್ಲಿ, ಕೈಯಲ್ಲಿ ಏನೂ ತೂಗಾಡಬಾರದು, ತೋಳು ಸಡಿಲ ಇರಬಾರದು ಎಂದು ಗುರುಗಳು ಮೊದಲ ದಿನವೇ ಹೇಳಿದ್ದಾರೆ. ಇಷ್ಟಲಿಂಗ ಏನು ಮಾಡಬೇಕು? ಗುರುಗಳು ಹೇಳಿದ್ದು ಅಕ್ಷರಶಃ ಸರಿ. ತಿರುಗುವ ಯಂತ್ರಕ್ಕೆ ದಾರ ಸಿಕ್ಕಿದರೆ ಕೊರಳನ್ನೂ ಎಳೆದುಕೊಳ್ಳುತ್ತದೆ, ಅದಕ್ಕೆ ಯಾರ ದಾರವೆಂಬುದು ತಿಳಿಯದು. ನಾವು ಹೇಳಿದ್ದಿಷ್ಟು: ಶಿವದಾರವನ್ನು ಗಿಡ್ಡ ಮಾಡಿ, ಒಳ ಅಂಗಿಯ ಒಳಗೆ ಎದೆಗೆ ಬಿಗಿಯಾಗಿ ವಸ್ತ್ರ ಕಟ್ಟಿ, ಮೇಲೆ ಗುಂಡಿಗಳನ್ನೆಲ್ಲ ಹಾಕಿಕೊಳ್ಳಲಿ. ಇಳಿಬಿಟ್ಟ ಕರಡಿಗೆಯೊಡನೆ ಯಂತ್ರದ ಮುಂದೆ ನಿಲ್ಲುವುದು ಬೇಡವೇ ಬೇಡ. ಹುಲ್ಲು ಕೊಯ್ಯುವಾಗ ಲಿಂಗ ಜಾರಿ ಬಿದ್ದರೂ ಕಾಯಕ ನಿಲ್ಲಿಸದ ನುಲಿಯ ಚಂದಯ್ಯನವರ ಪ್ರಸಂಗ ಶೂನ್ಯಸಂಪಾದನೆಯಲ್ಲಿ ಬರುತ್ತದೆ. ಅದನ್ನು ಅವರಿಗೆ ನೆನಪಿಸಿದೆವು. ತಂದೆಗೆ ಸಮಾಧಾನವಾಯಿತು. ಹುಡುಗ ಅಷ್ಟರಲ್ಲಾಗಲೇ ತಾನೇ ಹಾಗೆ ಕಟ್ಟಿಕೊಂಡಿದ್ದ.

ಮತ್ತೆ ಯೋಜನೆಗಳ ಮಾತಿಗೆ ಬರೋಣ. ಪಿಎಂ-ಸೇತುವಿನಲ್ಲಿ ಐದು ರಾಷ್ಟ್ರೀಯ ತರಬೇತಿ ಸಂಸ್ಥೆಗಳನ್ನು ಉತ್ಕೃಷ್ಟತಾ ಕೇಂದ್ರಗಳಾಗಿ ಬೆಳೆಸುವ ಭಾಗವೂ ಇದೆ. ಭುವನೇಶ್ವರ, ಚೆನ್ನೈ, ಹೈದರಾಬಾದ್, ಕಾನ್ಪುರ, ಲೂಧಿಯಾನ ಆ ಪಟ್ಟಿಯಲ್ಲಿವೆ, ಬೆಂಗಳೂರು ಇಲ್ಲ. ಈ ಬಗ್ಗೆ ನಮ್ಮ ಸಂಸದರು ದನಿಯೆತ್ತಬೇಕೆಂದು ಹೇಳುವುದು ಸುಲಭ, ಹೇಳಬೇಕಾದದ್ದೂ ಹೌದು. ಆದರೆ ಅದಕ್ಕಿಂತ ಮುಖ್ಯವಾದ ಕೊರತೆ ನಮಗೆ ಬೇರೆಡೆ ಕಾಣುತ್ತದೆ. ಯಂತ್ರಕ್ಕೆ ಹಣವಿದೆ, ಕಟ್ಟಡಕ್ಕೆ ಹಣವಿದೆ, ಪಠ್ಯಕ್ರಮಕ್ಕೆ ಉದ್ಯಮದ ಸಲಹೆಯಿದೆ. ಬೆಳಗಿನ ಆರೂಕಾಲಿನಿಂದ ಸಂಜೆಯ ಏಳೂವರೆಯವರೆಗಿನ ಹುಡುಗನ ದಿನ ಮಾತ್ರ ಯಾರ ಲೆಕ್ಕದ ಪುಸ್ತಕಕ್ಕೂ ಬಂದಂತೆ ಕಾಣದು. ಹದಿಮೂರು ಗಂಟೆಗಿಂತ ಹೆಚ್ಚಿನ ಆ ದಿನದಲ್ಲಿ ಅವನು ಅರ ಹಿಡಿದದ್ದು ನಾಲ್ಕು ಗಂಟೆ, ಬಸ್ಸಿನ ಕಂಬಿ ಹಿಡಿದದ್ದು ಅದಕ್ಕಿಂತ ಹೆಚ್ಚು.

ಕೈಕಸುಬಿನ ಶಿಕ್ಷಣದಲ್ಲಿ ನಮ್ಮ ನಾಡಿನಲ್ಲಿ ಚೆನ್ನಾಗಿ ನಡೆದ ಪ್ರಯೋಗಗಳನ್ನು ನೋಡಿದರೆ ಒಂದು ಮಾತು ತಾನಾಗಿಯೇ ಹೊಳೆಯುತ್ತದೆ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ಧರ್ಮಾಧಿಕಾರಿಗಳು ಬ್ಯಾಂಕುಗಳ ಜೊತೆಗೂಡಿ ಆರಂಭಿಸಿದ ರುಡ್‌ಸೆಟ್ ಸಂಸ್ಥೆ ಗ್ರಾಮೀಣ ಯುವಕರಿಗೆ ಉಚಿತ ತರಬೇತಿ ಕೊಟ್ಟದ್ದು ಊಟ, ವಸತಿಯ ಸಹಿತ. ಬಿಡದಿಯಲ್ಲಿ 2007ರಲ್ಲಿ ಶುರುವಾದ ಟೊಯೊಟಾ ತಾಂತ್ರಿಕ ತರಬೇತಿ ಸಂಸ್ಥೆ ಹಳ್ಳಿಗಳ ಬಡಮಕ್ಕಳನ್ನು ಆರಿಸಿಕೊಂಡು ಮೂರು ವರ್ಷ ಅಲ್ಲಿಯೇ ಇರಿಸಿಕೊಂಡು ಕಲಿಸುತ್ತದೆ. ಒಂದು ಧಾರ್ಮಿಕ ಕ್ಷೇತ್ರದ ಆಶ್ರಯದ್ದು, ಇನ್ನೊಂದು ಮೋಟಾರು ಕಂಪನಿಯದು. ಎರಡಕ್ಕೂ ಇರುವ ಹೋಲಿಕೆ ಎಂದರೆ ಕಲಿಯುವವನು ಕಲಿಯುವ ಜಾಗದಲ್ಲಿಯೇ ಮಲಗಿ ಏಳುತ್ತಾನೆ, ಹೊತ್ತಿಗೆ ಸರಿಯಾಗಿ ಉಣ್ಣುತ್ತಾನೆ. ಹನ್ನೆರಡನೆಯ ಶತಮಾನದಿಂದ ದಾಸೋಹ ಎಂಬ ಪದವನ್ನು ಹೊತ್ತು ಬಂದ ನಮಗೆ ಇದನ್ನು ಜಪಾನಿನ ಕಂಪನಿ ತೋರಿಸಿಕೊಡಬೇಕಾಯಿತೇ ಎಂದು ಒಳಗೊಳಗೇ ಚುಚ್ಚಿದ್ದುಂಟು.

ಓದು ಮುಗಿದ ಮೇಲಿನ ದಾರಿಯ ಬಗ್ಗೆ ಪಾಲಕರಲ್ಲಿ ತಪ್ಪು ತಿಳಿವಳಿಕೆ ಬಹಳವಿರುವುದರಿಂದ ಅದನ್ನೂ ಹೇಳಿಬಿಡುತ್ತೇವೆ. ಐಟಿಐ ಮುಗಿಸಿದವನು ಕಾರ್ಖಾನೆಯೊಂದಕ್ಕೆ ಅಪ್ರೆಂಟಿಸ್ ಆಗಿ ಹೋದರೆ, ಊರಿನಲ್ಲಿ ‘ಕಂಪನಿಯಲ್ಲಿ ಕೆಲಸ ಸಿಕ್ಕಿತು’ ಎಂದು ಪೇಢೆ ಹಂಚುತ್ತಾರೆ. 1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ ಅಪ್ರೆಂಟಿಸ್ ಕಲಿಯುವವನೇ ಹೊರತು ಕಾರ್ಮಿಕನಲ್ಲ, ಅವಧಿ ಮುಗಿದ ಮೇಲೆ ಕೆಲಸ ಕೊಡಲೇಬೇಕೆಂಬ ಬಾಧ್ಯತೆಯನ್ನು ಆ ಕಾಯ್ದೆ ಮಾಲೀಕರ ಮೇಲೆ ತಾನಾಗಿ ಹೊರಿಸುವುದಿಲ್ಲ. ಒಪ್ಪಂದ ಪತ್ರದಲ್ಲಿ ಹಾಗೆಂದು ಬರೆದಿದ್ದರೆ ಮಾತ್ರ ಅದಕ್ಕೆ ಬಲ. ಹಾಗೆಂದು ಅಪ್ರೆಂಟಿಸ್ ಅನಾಥನೂ ಅಲ್ಲ. ಕೆಲಸದಲ್ಲಿ ಗಾಯವಾದರೆ ಪರಿಹಾರದ ಹೊಣೆ ಮಾಲೀಕರದೇ. ಒಪ್ಪಂದ ಸರ್ಕಾರದ ಪೋರ್ಟಲಿನಲ್ಲಿ ನೋಂದಣಿಯಾಗಿರಬೇಕು. ಕೊನೆಗೆ ಪರೀಕ್ಷೆ ಪಾಸಾದರೆ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಪ್ರಮಾಣಪತ್ರ ಬರುತ್ತದೆ, ಅದು ಜೀವನಪರ್ಯಂತ ಬೆಲೆಯುಳ್ಳದ್ದು. ನೋಂದಣಿಯಿಲ್ಲದೆ ‘ಟ್ರೇನಿ’ ಎಂಬ ಹೆಸರಿನಲ್ಲಿ ಒಂದು ವರ್ಷ ದುಡಿಸಿಕೊಂಡು ಕಳುಹಿಸಿದರೆ ಕೈಯಲ್ಲಿ ಏನೂ ಉಳಿಯುವುದಿಲ್ಲ. ಸೇರುವ ಮೊದಲು ತಂದೆ ಕೇಳಬೇಕಾದ ಪ್ರಶ್ನೆ ಸಂಬಳ ಎಷ್ಟೆಂಬುದಲ್ಲ, ಒಪ್ಪಂದದ ನೋಂದಣಿ ಸಂಖ್ಯೆ ಯಾವುದು ಎಂಬುದು.

2019ರ ತಿದ್ದುಪಡಿಯಂತೆ ಅಪ್ರೆಂಟಿಸರ ತಿಂಗಳ ಭತ್ಯೆ ಅವರ ವಿದ್ಯಾರ್ಹತೆಗೆ ತಕ್ಕಂತೆ 5,000ದಿಂದ 9,000 ರೂಪಾಯಿಗಳವರೆಗೆ ನಿಗದಿಯಾಯಿತು. ಅದನ್ನು ಶೇ. 36ರಷ್ಟು ಹೆಚ್ಚಿಸಬೇಕೆಂದು ಕೇಂದ್ರ ಅಪ್ರೆಂಟಿಸ್‌ಶಿಪ್ ಮಂಡಳಿ 2025ರ ಮೇ ತಿಂಗಳಲ್ಲಿ ಶಿಫಾರಸು ಮಾಡಿದೆ. ಬೆಂಗಳೂರಿನ ಪೀಣ್ಯದಲ್ಲಿಯೋ ಬೊಮ್ಮಸಂದ್ರದಲ್ಲಿಯೋ ನಾಲ್ವರು ಒಂದು ಕೋಣೆಯಲ್ಲಿ ಇದ್ದರೂ ಈ ಹಣದಲ್ಲಿ ಮನೆಗೆ ಕಳುಹಿಸಲು ಉಳಿಯುವುದು ಅತ್ಯಲ್ಪ. ಯಾರೊಬ್ಬರ ಆಸರೆಯೂ ಇಲ್ಲದ ಊರಿನಲ್ಲಿ, ಗುತ್ತಿಗೆದಾರನ ಮೂಲಕ ಕೆಲಸಕ್ಕೆ ಸೇರಿ, ಹೇಳಿದ ಸಂಬಳ ಬಾರದಿದ್ದಾಗ ಹುಡುಗರ ತಾಳ್ಮೆ ಹೇಗೆ ಒಡೆಯುತ್ತದೆ ಎಂಬುದನ್ನು 2020ರ ಡಿಸೆಂಬರ್ 12ರಂದು ಕೋಲಾರ ಜಿಲ್ಲೆಯ ನರಸಾಪುರದ ಮೊಬೈಲ್ ಕಾರ್ಖಾನೆಯಲ್ಲಿ ನಾಡು ಕಂಡಿದೆ. ಹಿಂಸೆಯನ್ನು ನಾವು ಎಂದಿಗೂ ಒಪ್ಪುವುದಿಲ್ಲ. ಅಂದು ಜೈಲು ಸೇರಿದವರಲ್ಲಿ ನಮ್ಮ ಹಳ್ಳಿಗಳ ಮಕ್ಕಳೂ ಇದ್ದರೆಂಬುದನ್ನು ಮರೆಯಲೂ ಆಗುವುದಿಲ್ಲ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳು ಪ್ರತಿ ಕಾರ್ಮಿಕನಿಗೂ ನೇಮಕಾತಿ ಪತ್ರ ಕಡ್ಡಾಯ ಎನ್ನುತ್ತವೆ. ಆ ಒಂದು ಕಾಗದವನ್ನು ಕೇಳಿ ಪಡೆಯುವ ಧೈರ್ಯವನ್ನು ಹುಡುಗರಿಗೆ ಮೊದಲೇ ಕೊಟ್ಟು ಕಳುಹಿಸಬೇಕು.

ಮೇಲೆ ಏರುವ ದಾರಿಯೂ ಇದೆ. ಎರಡು ವರ್ಷದ ಐಟಿಐ ಮುಗಿಸಿದವರು ಡಿಪ್ಲೊಮಾದ ಎರಡನೆಯ ವರ್ಷಕ್ಕೆ ನೇರವಾಗಿ ಸೇರಬಹುದು, ಅಲ್ಲಿಂದ ಎಂಜಿನಿಯರಿಂಗಿನ ಎರಡನೆಯ ವರ್ಷಕ್ಕೆ. ಹುಬ್ಬಳ್ಳಿಯ ರೈಲ್ವೆ ಕಾರ್ಯಾಗಾರದಂಥ ಕಡೆ ಅಪ್ರೆಂಟಿಸರನ್ನು ಆರಿಸುವುದು ಎಸ್ಸೆಸ್ಸೆಲ್ಸಿ ಮತ್ತು ಐಟಿಐ ಅಂಕಗಳ ಮೇಲೆ, ಪ್ರತ್ಯೇಕ ಪರೀಕ್ಷೆಯಿಲ್ಲ. ಅಲ್ಲಿ ತರಬೇತಿ ಮುಗಿಸಿದವರಿಗೆ ರೈಲ್ವೆಯ ಲೆವೆಲ್-1 ಹುದ್ದೆಗಳಲ್ಲಿ ಶೇ. 20 ಮೀಸಲಿದೆ. ಹತ್ತನೆಯ ತರಗತಿಯಲ್ಲಿ ‘ಹೇಗೂ ಐಟಿಐಗೆ ಹೋಗುವವನು’ ಎಂದು ಅಂಕಗಳ ಬಗ್ಗೆ ಉದಾಸೀನ ಮಾಡುವ ಮನೆಗಳು ಇದನ್ನು ಗಮನಿಸಬೇಕು.

ಸರ್ಕಾರಗಳ ಕಣ್ಣಿನಲ್ಲಿಯೂ ಈ ಹುಡುಗರು ಹಿಂದಿನ ಸಾಲಿನವರೇ. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಆರಂಭವಾದ ಯುವನಿಧಿಯಲ್ಲಿ ನಿರುದ್ಯೋಗಿ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾ ಆದವರಿಗೆ 1,500 ರೂಪಾಯಿ ಎಂದು ಘೋಷಿಸಲಾಯಿತು. ಆ ಘೋಷಣೆಯಲ್ಲಿಯೂ ಐಟಿಐ ಎಂಬ ಹೆಸರಿರಲಿಲ್ಲ. ನಮ್ಮ ಪ್ರಸಾದ ನಿಲಯದ ಅರ್ಜಿಯಲ್ಲಿ ಇಲ್ಲದ ಹೆಸರು ಸರ್ಕಾರದ ಯಾದಿಯಲ್ಲಿ ಏಕಿಲ್ಲ ಎಂದು ಕೇಳುವ ಬಾಯಿ ನಮಗೆಲ್ಲಿಯದು?

ಇದು ಅರ್ಜಿ ನಮೂನೆಯ ಮರೆವಷ್ಟೇ ಆಗಿದ್ದರೆ ಈ ಲೇಖನ ಬರೆಯುತ್ತಿರಲಿಲ್ಲ. ವಧು-ವರರ ಸಮಾವೇಶಗಳಲ್ಲಿ ಬರುವ ಪರಿಚಯ ಪತ್ರಗಳನ್ನು ನಾವು ವರ್ಷಗಳಿಂದ ನೋಡುತ್ತಿದ್ದೇವೆ. ಐಟಿಐ ಓದಿದ ವರನ ವಿದ್ಯಾಭ್ಯಾಸದ ಮುಂದೆ ‘ಟೆಕ್ನಿಕಲ್’ ಎಂದು ಬರೆದಿರುತ್ತದೆ, ಉದ್ಯೋಗದ ಮುಂದೆ ‘ಕಂಪನಿಯಲ್ಲಿ’. ಫಿಟ್ಟರ್ ಎಂದು, ವೆಲ್ಡರ್ ಎಂದು ಬಿಚ್ಚಿ ಬರೆದ ಒಂದು ಪತ್ರ ನಮಗೆ ನೆನಪಿಲ್ಲ. ಬರೆದರೆ ಹೆಣ್ಣು ಸಿಗುವುದಿಲ್ಲ ಎಂದು ತಂದೆತಾಯಿಗಳು ಹೇಳುತ್ತಾರೆ, ಅದು ಸುಳ್ಳೂ ಅಲ್ಲ. ಆ ಸಮಾವೇಶ ನಡೆಯುವ ಸಭಾಂಗಣದ ಗೋಡೆಯ ಮೇಲೆ ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಮೇದರ ಕೇತಯ್ಯ, ಹಡಪದ ಅಪ್ಪಣ್ಣ ಇವರೆಲ್ಲರ ಭಾವಚಿತ್ರಗಳಿರುತ್ತವೆ. ಬಟ್ಟೆ ಹೊಲಿಯುತ್ತಿದ್ದ ಶರಣರು ಸೂಜಿಕಾಯಕದ ರಾಮಿತಂದೆ ಎಂದೇ ಉಳಿದರು. ನೂಲುತ್ತಿದ್ದ ಶರಣೆ ಕದಿರ ರೆಮ್ಮವ್ವೆ. ಕಾಯಕವೇ ಅವರ ಹೆಸರಿನ ಮೊದಲ ಪದವಾಗಿತ್ತು. ಆ ಚಿತ್ರಗಳ ಕೆಳಗೆ ಕುಳಿತು ನಾವು ಫಿಟ್ಟರ್ ಎಂಬ ಪದವನ್ನು ಅಳಿಸಿ ‘ಕಂಪನಿ’ ಎಂದು ಬರೆಯುತ್ತೇವೆ.

ನಮ್ಮ ಹಿರಿಯರು ಶಿಕ್ಷಣಕ್ಕಾಗಿ ಮಾಡಿದ ತ್ಯಾಗ ಸಣ್ಣದಲ್ಲ. 1910ರಲ್ಲಿ ವಿಜಯಪುರದಲ್ಲಿ ಫ. ಗು. ಹಳಕಟ್ಟಿಯವರು ಬಿಎಲ್‌ಡಿಇ ಸಂಸ್ಥೆಗೆ, 1916ರಲ್ಲಿ ಬೆಳಗಾವಿಯಲ್ಲಿ ಏಳು ಮಂದಿ ಶಿಕ್ಷಕರು ಕೆಎಲ್‌ಇ ಸಂಸ್ಥೆಗೆ ಬೀಜ ಹಾಕಿದಾಗ ನಮ್ಮ ಸಮಾಜದಲ್ಲಿ ಇಂಗ್ಲಿಷ್ ಶಾಲೆ ಕಂಡವರೇ ವಿರಳ. ಅಂದಿಗೆ ವಕೀಲರು, ವೈದ್ಯರು, ಅಧಿಕಾರಿಗಳು ಬೇಕಾಗಿದ್ದರು, ಪ್ರಸಾದ ನಿಲಯಗಳು ಅವರನ್ನು ಬೆಳೆಸಿದವು. ಹಳ್ಳಿಯ ಮಗು ಪಟ್ಟಣದ ಶಾಲೆಗೆ ನಡೆದು ಬರಲಾರದು ಎಂಬುದನ್ನು ಅಂದಿನ ಮಠಾಧೀಶರು ಕಂಡುಕೊಂಡಿದ್ದರು. ಇಂದು ಅಂಥದೇ ದೂರದಲ್ಲಿ ನಿಂತಿರುವವರು ಐಟಿಐ ಹುಡುಗರು. ಹೆಣ್ಣುಮಕ್ಕಳ ದೂರ ಇನ್ನೂ ಹೆಚ್ಚು. ಎಲೆಕ್ಟ್ರೀಷಿಯನ್ ಟ್ರೇಡಿಗೆ ಅಂಕ ಸಾಕಷ್ಟಿದ್ದರೂ, ಸಂಜೆ ಏಳೂವರೆಗೆ ಮಗಳು ಊರು ಮುಟ್ಟುವುದನ್ನು ಒಪ್ಪದ ಮನೆಯೊಂದನ್ನು ಅದೇ ಊರಿನಲ್ಲಿ ಕಂಡೆವು. ಬಸ್ಸು ಉಚಿತವಾದರೂ ಹೊತ್ತು ಉಚಿತವಲ್ಲ.

ಒಂದು ನಿಲಯದಲ್ಲಿ ಹತ್ತು ಹಾಸಿಗೆ ಇವರಿಗಾಗಿ ತೆಗೆದಿಡುವುದು ದೊಡ್ಡ ಖರ್ಚಲ್ಲ, ನಿಯಮಗಳನ್ನು ಮಾತ್ರ ತುಸು ಬದಲಿಸಬೇಕಾಗುತ್ತದೆ. ಬೆಳಗಿನ ಪ್ರಸಾದ ಎಂಟಕ್ಕೆ ಮೊದಲೇ ಆಗಬೇಕು. ಮಧ್ಯಾಹ್ನ ನಿಲಯಕ್ಕೆ ಬರಲಾಗದವರಿಗೆ ಬುತ್ತಿ ಕಟ್ಟಿಕೊಡಬೇಕು. ಅಪ್ರೆಂಟಿಸ್ ಆದವರು ರಾತ್ರಿ ಪಾಳಿ ಮುಗಿಸಿ ಹನ್ನೊಂದಕ್ಕೆ ಬಂದರೆ ಗೇಟು ತೆರೆಯಬೇಕು. ಎಣ್ಣೆ, ಗ್ರೀಸು ಹತ್ತಿದ ಬಟ್ಟೆ ಒಗೆಯಲು ಬೇರೆ ಕಲ್ಲು ಬೇಕು. ಈ ಕೊನೆಯದನ್ನು ಹೇಳಿದ್ದು ನಿಲಯದ ಅಡುಗೆಯವರು. ಅವರ ಮಗನೂ ಡೀಸೆಲ್ ಮೆಕ್ಯಾನಿಕ್ ಓದಿದವನಂತೆ.

ಆ ನಿಲಯದ ಸಮಿತಿಯ ಮುಂದೆ ಈ ವಿಷಯವನ್ನು ಇಟ್ಟಿದ್ದೇವೆ. ಅರ್ಜಿ ನಮೂನೆ ಮತ್ತೆ ಅಚ್ಚಾಗುವುದು ಎಸ್ಸೆಸ್ಸೆಲ್ಸಿ ಫಲಿತಾಂಶದ ಹೊತ್ತಿಗೆ. ಇಬ್ಬರು ಸದಸ್ಯರು ಒಪ್ಪಿದ್ದಾರೆ, ಒಬ್ಬರು ‘ನೋಡೋಣ’ ಎಂದಿದ್ದಾರೆ. ಹುಡುಗ ಈಗ ಅರ ಬಿಟ್ಟು ಡ್ರಿಲ್ಲಿಂಗಿಗೆ ಬಂದಿದ್ದಾನೆ, ಆರೂಕಾಲಿನ ಬಸ್ಸಿಗೇ ಬರುತ್ತಿದ್ದಾನೆ.